ಡೋಣಿಯ ಲೆಕ್ಕ ಯಂತ್ರಕ್ಕೆ ದಕ್ಕೀತೇ?

ಅಳತೆಯ ವ್ಯವಸ್ಥೆಯೇ ಇಲ್ಲದ ನದಿಗಳಲ್ಲೂ ಮಹಾಪೂರವನ್ನು ಐದು ದಿನ ಮೊದಲೇ ಅಂದಾಜಿಸಬಹುದೆಂದು ಗೂಗಲ್ ಸಂಶೋಧಕರು 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರತಿಪಾದಿಸಿದರು. ಸಾಧನೆ ದೊಡ್ಡದೇ. ಆದರೆ ನಮ್ಮ ಡೋಣಿಯ ವಿಷಯದಲ್ಲಿ ಅದನ್ನು ಪೂರ್ತಿ ನಂಬಲು ನನಗೆ ಧೈರ್ಯ ಸಾಲದು.

ಮಹಾರಾಷ್ಟ್ರದ ಜತ್ತ ಸೀಮೆಯಲ್ಲಿ ಹುಟ್ಟಿ ತಿಕೋಟಾ, ಬಬಲೇಶ್ವರ ತಾಲ್ಲೂಕುಗಳನ್ನು ಹಾಯ್ದು ಕೃಷ್ಣೆಯನ್ನು ಸೇರುವ ಈ ನದಿ ಬೇಸಿಗೆಯಲ್ಲಿ ಸೊರಗಿರುತ್ತದೆ. ಜೋರು ಮಳೆಯಾದರೆ ಸಾರವಾಡದ ಹೊಲಗಳಿಗೆ ನುಗ್ಗುತ್ತದೆ. ಯಂತ್ರಕಲಿಕೆಗೆ ಹಳೆಯ ಅಳತೆಗಳೇ ಬಂಡವಾಳ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಸುರಿದಂಥ ಮಳೆ ಆ ಲೆಕ್ಕದಲ್ಲಿ ಅಪರೂಪ. ಅದನ್ನೂ ಮೀರಿದ್ದು ಬಂದರೆ ಯಂತ್ರ ಕಡಿಮೆ ಹೇಳುವ ಸಂಭವವೇ ಹೆಚ್ಚು. ಪಾತ್ರದ ತೊಡಕು ಬೇರೆ. ಎರೆಮಣ್ಣಿನ ಹೂಳು ತುಂಬಿ, ಜಾಲಿ ಬೆಳೆದು ಅದು ಕಿರಿದಾಗಿದೆ. ಹಿಂದೆ ದಡದೊಳಗೆ ಹರಿದಷ್ಟೇ ನೀರು ಇಂದು ದಡ ಮೀರಬಹುದು. ಉಪಗ್ರಹಕ್ಕೆ ಮಳೆ ಕಂಡೀತು, ಸೇತುವೆಯ ಕಿಂಡಿಗೆ ಸಿಕ್ಕಿದ ಜಾಲಿಕಂಟಿ ಕಂಡೀತೇ?

ಮುನ್ಸೂಚನೆ ಬೇಡವೆನ್ನುತ್ತಿಲ್ಲ. ವಿಜಯಪುರದ ಜಿಲ್ಲಾಡಳಿತ ಡೋಣಿಯ ಪ್ರತಿ ಸೇತುವೆಗೂ ಅಳತೆಪಟ್ಟಿ ಬರೆಸಲಿ, ಮಳೆಗಾಲದ ನೀರಿನ ಮಟ್ಟವನ್ನು ದಿನದಿನವೂ ದಾಖಲಿಸಲಿ. 2009ರಲ್ಲಿ ನೀರು ಎಲ್ಲಿಯವರೆಗೆ ಏರಿತ್ತೆಂಬುದು ದಂಡೆಯ ಊರುಗಳವರಿಗೆ ಇನ್ನೂ ನೆನಪಿದೆ; ಆ ಗುರುತುಗಳನ್ನೂ ಅವರಿಂದ ಕೇಳಿ ಈಗಲೇ ಬರೆದುಕೊಳ್ಳಬೇಕು.