ಮಿರಜದ ದುರ್ಬೀನು, ಕಾಗವಾಡದ ಕೀವು

ಕಾಗವಾಡ, ಅಥಣಿ ಕಡೆಯವರಿಗೆ ದೊಡ್ಡ ದವಾಖಾನೆ ಎಂದರೆ ಮಹಾರಾಷ್ಟ್ರದ ಮಿರಜ. 1894ರಲ್ಲಿ ಅಲ್ಲಿ ಡಾ. ವಾನ್ಲೆಸ್ ಮಿಷನ್ ಆಸ್ಪತ್ರೆ ಶುರು ಮಾಡಿದಾಗಿನಿಂದ ಬೆಳೆದು ಬಂದ ರೂಢಿ ಇದು. ನಿಪ್ಪಾಣಿಯವರಿಗೆ ಕೊಲ್ಹಾಪುರ ಹತ್ತಿರ. ಚಿಕ್ಕೋಡಿ, ರಾಯಬಾಗದವರು ಬೆಳಗಾವಿಗೂ ಹೋಗುತ್ತಾರೆ, ಗಡಿಯನ್ನೂ ದಾಟುತ್ತಾರೆ. ಪಿತ್ತಕೋಶದ ಕಲ್ಲು, ಅಪೆಂಡಿಕ್ಸ್ ಇತ್ಯಾದಿಗೆ ದುರ್ಬೀನಿನ (ಲ್ಯಾಪರೊಸ್ಕೋಪಿ) ಆಪರೇಷನ್ ಮಾಡಿಸಿಕೊಂಡು ಎರಡು ಮೂರು ದಿನಕ್ಕೆ ಮನೆಗೆ ಮರಳುತ್ತಾರೆ.

ತೊಂದರೆ ಕಾಣಿಸಿಕೊಳ್ಳುವುದು ಆಮೇಲೆ. ಮೂರು ನಾಲ್ಕು ವಾರ ಕಳೆದ ಮೇಲೆ ಹೊಕ್ಕುಳ ಬಳಿಯ ಮಾಯ್ದ ಗಾಯದಲ್ಲಿ ಗಂಟು ಏಳುತ್ತದೆ, ತೆಳ್ಳನೆಯ ಕೀವು ಸೋರುತ್ತದೆ. ಮಾತ್ರೆ ನುಂಗಿದರೆ ಒಣಗಿದಂತಾಗಿ ಮತ್ತೆ ಒಸರುತ್ತದೆ. ಇಂಥ ಸೋಂಕಿನ ಹಿಂದೆ ಹಲವು ಬಾರಿ ಇರುವುದು ಮೈಕೊಬ್ಯಾಕ್ಟೀರಿಯಂ ಚೆಲೋನೆಯಂಥ ರೋಗಾಣು. ಇದು ಟಿಬಿ ರೋಗಾಣುವಿನ ಕುಲದ್ದೇ ಆದರೂ ನೀರಿನಲ್ಲಿ ಬದುಕುತ್ತದೆ, ಟಿಬಿಯ ಮಾಮೂಲಿ ಮಾತ್ರೆಗೆ ಜಗ್ಗುವುದಿಲ್ಲ. ಕ್ಲಾರಿಥ್ರೊಮೈಸಿನ್‌ನಂಥ ಔಷಧವನ್ನು ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕು. ಕೆಲವರಿಗೆ ಆ ಜಾಗವನ್ನೇ ಮತ್ತೆ ಕೊಯ್ದು ತೆಗೆಯಬೇಕಾಗುತ್ತದೆ. ಕೂಲಿ ಕುಟುಂಬವೊಂದನ್ನು ಸಾಲಕ್ಕೆ ದೂಡಲು ಇಷ್ಟು ಸಾಕು.

ಈ ರೋಗಾಣು ಗಾಯ ಸೇರುವ ದಾರಿ ಹಲವು ಬಾರಿ ಆಪರೇಷನ್ನಿನ ಉಪಕರಣವೇ. ಒಂದು ಆಪರೇಷನ್‌ಗೂ ಇನ್ನೊಂದಕ್ಕೂ ನಡುವೆ ಉಪಕರಣವನ್ನು ಶೇ 2ರ ಗ್ಲುಟರಾಲ್ಡಿಹೈಡ್ ದ್ರಾವಣದಲ್ಲಿ ಸುಮಾರು 20 ನಿಮಿಷ ಮುಳುಗಿಸಿಡುವುದು ವಾಡಿಕೆ. ಆದರೆ ಅದೇ ದ್ರಾವಣದಲ್ಲಿ ಎಲ್ಲ ಬಗೆಯ ರೋಗಾಣುಗಳೂ ಸಾಯಬೇಕಾದರೆ 10 ಗಂಟೆ ಬೇಕು. ಸಂದುಗಳಲ್ಲಿ ಅಂಟಿದ ರಕ್ತವನ್ನು ಬ್ರಷ್ ಹಾಕಿ ತಿಕ್ಕದಿದ್ದರೆ ದ್ರಾವಣ ಒಳಗೇ ತಲುಪದು. ಅಷ್ಟೆಲ್ಲ ಮಾಡಿ, ಕೊನೆಗೆ ನಲ್ಲಿ ನೀರಿನಲ್ಲಿ ತೊಳೆದರೆ ಮಾಡಿದ್ದೆಲ್ಲ ವ್ಯರ್ಥ. ಭಾರತದ ಶಸ್ತ್ರಚಿಕಿತ್ಸಕರು 2006ರಲ್ಲಿ ಪ್ರಕಟಿಸಿದ ವರದಿಯೊಂದು ಇಂಥದೇ ಸೋಂಕಿನ ಜಾಡು ಹಿಡಿದು ಹೋಗಿ ಮುಟ್ಟಿದ್ದು ಉಪಕರಣ ತೊಳೆದ ನೀರನ್ನು. ಬೇಸಿಗೆಯಲ್ಲಿ ಕೃಷ್ಣೆ ಬತ್ತಿ ಟ್ಯಾಂಕರಿಗೆ ಕಾಯುವ ಈ ತಾಲ್ಲೂಕುಗಳಲ್ಲಿ ಆ ಮಾತು ಮನಸ್ಸಿಗೆ ನಾಟಬೇಕು.

ಆಟೊಕ್ಲೇವ್ (ಒತ್ತಡದ ಹಬೆಯಿಂದ ಕ್ರಿಮಿ ಕೊಲ್ಲುವ ಯಂತ್ರ) ತಡೆದುಕೊಳ್ಳುವ ಉಪಕರಣಗಳಿಗೆ ಆಟೊಕ್ಲೇವ್, ಉಳಿದವುಗಳನ್ನು ತೊಳೆಯಲು ಕ್ರಿಮಿರಹಿತ ನೀರು ಕಡ್ಡಾಯವಾಗಬೇಕು. ಉಪಕರಣಗಳ ಸೆಟ್ ಎಷ್ಟಿವೆಯೋ ಅದಕ್ಕೆ ತಕ್ಕಷ್ಟೇ ಆಪರೇಷನ್ ನಡೆಯಬೇಕು. ಸಂತಾನಶಕ್ತಿಹರಣ ಚಿಕಿತ್ಸೆಗೆ ಮೂರು ಲ್ಯಾಪರೊಸ್ಕೋಪ್ ಇದ್ದರೆ ಒಂದು ತಂಡಕ್ಕೆ ದಿನಕ್ಕೆ ಗರಿಷ್ಠ 30 ಎಂದು ಕೇಂದ್ರದ ಮಾರ್ಗಸೂಚಿಯೇ ಹೇಳಿದೆ. ಇಂಥ ಮಿತಿ ಖಾಸಗಿ ಆಸ್ಪತ್ರೆಯ ಪಿತ್ತಕೋಶದ ರೋಗಿಗೆ ಯಾಕಿಲ್ಲ?

ಗಡಿಭಾಗಕ್ಕೆ ಇನ್ನೊಂದು ತೊಡಕಿದೆ. ಆಪರೇಷನ್ ಆದದ್ದು ಮಹಾರಾಷ್ಟ್ರದಲ್ಲಿ, ಕೀವು ಬಂದದ್ದು ಕರ್ನಾಟಕದಲ್ಲಿ. ಊರಿನ ವೈದ್ಯರು ಡ್ರೆಸಿಂಗ್ ಮಾಡಿ ಕಳಿಸುತ್ತಾರೆ. ಮಿರಜದ ಸರ್ಜನ್‌ಗೆ ಸುದ್ದಿಯೇ ಮುಟ್ಟದಿದ್ದರೆ ಅದೇ ಉಪಕರಣ ಮರುದಿನವೂ ಟೇಬಲ್ಲಿಗೆ ಬರುತ್ತದೆ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯ ಅಧಿಕಾರ ಮಹಾರಾಷ್ಟ್ರದ ಆಸ್ಪತ್ರೆಗಳ ಮೇಲೆ ನಡೆಯುವುದಿಲ್ಲ. ಹಾಗಾಗಿ ಬೆಳಗಾವಿಯ ಜಿಲ್ಲಾ ಆರೋಗ್ಯಾಧಿಕಾರಿ ಮೊದಲು ಮಾಡಬೇಕಾದದ್ದು ಈ ಐದೂ ತಾಲ್ಲೂಕುಗಳ ವೈದ್ಯರಿಂದ ಇಂಥ ಗಾಯಗಳ ವರದಿ ತರಿಸಿಕೊಂಡು ಸಾಂಗ್ಲಿ, ಕೊಲ್ಹಾಪುರದ ಆರೋಗ್ಯ ಇಲಾಖೆಗೆ ಪ್ರತಿ ತಿಂಗಳು ತಲುಪಿಸುವುದು. ಬಳಸಿದ ಸೆಟ್‌ನ ನಂಬರನ್ನು ಡಿಸ್ಚಾರ್ಜ್ ಕಾರ್ಡಿನಲ್ಲಿ ಬರೆದುಕೊಡುವಂತೆ ಎರಡೂ ಕಡೆಯ ಸರ್ಕಾರಗಳು ಆದೇಶಿಸಿದರೆ, ಒಂದೇ ನಂಬರಿನ ಎರಡು ಕಾರ್ಡು ಸಿಕ್ಕಾಗಲೇ ಆ ಸೆಟ್ಟನ್ನು ಪಕ್ಕಕ್ಕಿಡಬಹುದು.