ಹೊಗೆ ತೊಳೆದ ನೀರು ಯಾರ ಪಾಲಿಗೆ?

ಗಿರಣಿಯ ಚಿಮಣಿಯ ಹೊಗೆಯನ್ನು ನೀರಿನಲ್ಲಿ ತೊಳೆದು, ಆ ನೀರನ್ನು ಕಾರ್ಮಿಕರ ಕೇರಿಯ ಕೆರೆಗೆ ಬಿಟ್ಟರೆ ಅದನ್ನು ಶುದ್ಧೀಕರಣವೆಂದು ಯಾರೂ ಒಪ್ಪಲಾರರು. ಆದರೆ ಜಗತ್ತಿನ ಸಾವಿರಾರು ಹಡಗುಗಳು ಇಂದು ಮಾಡುತ್ತಿರುವುದು ಇದನ್ನೇ. ಅದೂ ಕಾನೂನಿನ ಒಪ್ಪಿಗೆಯೊಡನೆ.

ಕಚ್ಚಾ ಎಣ್ಣೆಯಿಂದ ಪೆಟ್ರೋಲು, ಸೀಮೆಎಣ್ಣೆ, ಡೀಸೆಲ್ ತೆಗೆದ ಮೇಲೆ ಉಳಿಯುವ ಗಸಿಯೇ ದೊಡ್ಡ ಹಡಗುಗಳ ಅಗ್ಗದ ಉರುವಲು. ಅದರಲ್ಲಿ ಗಂಧಕ ಹೆಚ್ಚು. ಅದರ ಹೊಗೆ ಬಂದರು ಪಟ್ಟಣಗಳ ಜನರ ಶ್ವಾಸಕೋಶಕ್ಕೆ ವಿಷ. ಆದ್ದರಿಂದ ಅಂತರರಾಷ್ಟ್ರೀಯ ಸಾಗರಯಾನ ಸಂಸ್ಥೆಯು 2020ರ ಜನವರಿ 1ರಿಂದ ಉರುವಲಿನ ಗಂಧಕದ ಮಿತಿಯನ್ನು ಶೇಕಡಾ 3.5ರಿಂದ 0.5ಕ್ಕೆ ಇಳಿಸಿತು. ನಿಯಮ ಒಳ್ಳೆಯದೇ. ಆದರೆ ಅದಕ್ಕೊಂದು ಹಿಂಬಾಗಿಲನ್ನೂ ಇಡಲಾಯಿತು: ಹಡಗಿಗೆ ‘ಸ್ಕ್ರಬರ್’ ಎಂಬ ಯಂತ್ರ ಕೂಡಿಸಿದರೆ ಹಳೆಯ ಗಸಿ ಎಣ್ಣೆಯನ್ನೇ ಉರಿಸಬಹುದು!

ಈ ಯಂತ್ರ ಹೊಗೆಯ ಮೇಲೆ ಸಮುದ್ರದ ನೀರನ್ನು ಸಿಂಪಡಿಸುತ್ತದೆ. ಗಂಧಕ ನೀರಿಗಿಳಿದು ಆಮ್ಲವಾಗುತ್ತದೆ. ಜೊತೆಗೆ ಮಸಿ, ವೆನೇಡಿಯಂ, ನಿಕಲ್ ಮತ್ತು ಕ್ಯಾನ್ಸರ್ ತರಬಲ್ಲ ಎಣ್ಣೆಯ ವಿಷಗಳೂ ಇಳಿಯುತ್ತವೆ. ‘ತೆರೆದ’ ಬಗೆಯ ಸ್ಕ್ರಬರಿನಲ್ಲಿ ಈ ನೀರೆಲ್ಲ ನೇರವಾಗಿ ಸಮುದ್ರಕ್ಕೆ ಹೋಗುತ್ತದೆ. 2021ರ ಒಂದು ಅಂದಾಜಿನಂತೆ, ಹಡಗುಗಳು ಹೀಗೆ ಚೆಲ್ಲುವ ನೀರು ವರ್ಷಕ್ಕೆ ಕನಿಷ್ಠ 1000 ಕೋಟಿ ಟನ್.

ಸಮುದ್ರ ದೊಡ್ಡದು, ಎಲ್ಲವೂ ಕರಗಿಹೋಗುತ್ತದೆ ಎಂದು ಹಡಗಿನ ಒಡೆಯರು ಹೇಳುತ್ತಾರೆ. ಆಮ್ಲದ ಕಟುತ್ವ ಕ್ರಮೇಣ ತಗ್ಗಬಹುದು. ಲೋಹ ಎಲ್ಲಿಗೆ ಹೋದೀತು? ಮೀನಿಗೆ ಆಹಾರವಾದ ಸಣ್ಣ ಜೀವಿಗಳ ಮರಿಗಳಿಗೆ ಈ ನೀರು ಅತಿ ಕಡಿಮೆ ಪ್ರಮಾಣದಲ್ಲೂ ಮಾರಕವೆಂದು ಪ್ರಯೋಗಗಳು ತೋರಿಸಿವೆ.

ಲಾಭದ ಲೆಕ್ಕವನ್ನೂ ನೋಡೋಣ. ಸ್ವೀಡನ್ನಿನ ಚಾಲ್ಮರ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಸುಮಾರು 3800 ಹಡಗುಗಳ ಲೆಕ್ಕ ತೆಗೆದರು. 2022ರ ಕೊನೆಗೇ ಅರ್ಧಕ್ಕೂ ಹೆಚ್ಚು ಹಡಗುಗಳಿಗೆ ಯಂತ್ರದ ವೆಚ್ಚ ಮರಳಿ ಬಂದಿತ್ತು. ಒಟ್ಟು ಮಿಗತೆ 470 ಕೋಟಿ ಯೂರೋ. ಬಾಲ್ಟಿಕ್ ಸಮುದ್ರವೊಂದಕ್ಕೇ 2014ರಿಂದ 2022ರವರೆಗೆ ಆದ ಹಾನಿ 68 ಕೋಟಿ ಯೂರೋಗಿಂತ ಹೆಚ್ಚು. ಲಾಭ ಒಡೆಯರ ತಿಜೋರಿಗೆ, ನಷ್ಟ ಬೆಸ್ತರ ಬಲೆಗೆ!

ಶುದ್ಧ ಎಣ್ಣೆಯಿಂದ ಸಾಗಣೆ ದರ ಏರುವುದಿಲ್ಲವೇ ಎಂದು ವ್ಯಾಪಾರಿ ಮಿತ್ರರು ಕೇಳಬಹುದು. ಸ್ವಲ್ಪ ಏರೀತು. ಆದರೆ ತನ್ನ ಅಂಗಡಿಯ ಕಸವನ್ನು ನೆರೆಯವನ ಬಾಗಿಲಿಗೆ ಸುರಿದು ಉಳಿಸಿದ ಹಣವನ್ನು ಯಾವ ಮರ್ಯಾದಸ್ಥ ವ್ಯಾಪಾರಿಯೂ ಲಾಭವೆನ್ನುವುದಿಲ್ಲ.

ದಾರಿ ಇಲ್ಲದಿಲ್ಲ. ಸಿಂಗಾಪುರ 2020ರಲ್ಲೇ ತನ್ನ ಬಂದರಿನಲ್ಲಿ ಇದನ್ನು ನಿಷೇಧಿಸಿತು. ಡೆನ್ಮಾರ್ಕ್ ಮತ್ತು ಸ್ವೀಡನ್ 2025ರ ಜುಲೈ 1ರಿಂದ ತಮ್ಮ ಕಡಲಿನಲ್ಲಿ ತೆರೆದ ಸ್ಕ್ರಬರಿನ ನೀರು ಬಿಡುವುದನ್ನು ತಡೆದಿವೆ. ಆದರೆ ಒಂದು ದೇಶ ತಡೆದರೆ ಹಡಗು ಗಡಿ ದಾಟಿ ಚೆಲ್ಲುತ್ತದೆ. ಅಂತರರಾಷ್ಟ್ರೀಯ ಸಂಸ್ಥೆಯೇ ಹಿಂಬಾಗಿಲನ್ನು ಮುಚ್ಚಬೇಕು. ಅದರ ಸದಸ್ಯನಾದ ಭಾರತ ಸರ್ಕಾರ ಅಲ್ಲಿ ಈ ಮಾತನ್ನು ಎತ್ತಲಿ. ನವಮಂಗಳೂರು ಸೇರಿ ನಮ್ಮ ಬಂದರುಗಳಿಗೆ ಬರುವ ಹಡಗುಗಳು ಚೆಲ್ಲುವ ನೀರಿನ ಲೆಕ್ಕವನ್ನು ಜನರ ಮುಂದಿಡಲಿ. ಸಮುದ್ರ ಯಾವ ಒಡೆಯನ ಚರಂಡಿಯೂ ಅಲ್ಲ. ಅದು ದುಡಿದು ತಿನ್ನುವವರ ಸೊತ್ತು.