ಎರವಲು ನಾಲಗೆ

ಪರದೇಶಕ್ಕೆ ಓದಲು ಹೊರಟ ಮಕ್ಕಳಿಗೆ ಅಲ್ಲಿಯವರ ಉಚ್ಚಾರವನ್ನೇ ರೂಢಿಸಬೇಕೆಂದು ಹಣ ಸುರಿಯುವ ತಂದೆತಾಯಿಗಳನ್ನು ಕೇಳಬಯಸುತ್ತೇನೆ: ನೀವು ಕೊಳ್ಳುತ್ತಿರುವುದು ವಿದ್ಯೆಯನ್ನೋ, ವೇಷವನ್ನೋ?

1888ರಲ್ಲಿ ಕಾನೂನು ಓದಲು ಲಂಡನ್ನಿಗೆ ತೆರಳಿದ ಗಾಂಧೀಜಿಯವರೂ ಈ ಮೋಹಕ್ಕೆ ಸಿಲುಕಿದ್ದರು. ನೃತ್ಯ, ಪಿಟೀಲುಗಳೊಡನೆ ಆಂಗ್ಲ ಮಾತುಗಾರಿಕೆಯ ಪಾಠಕ್ಕೂ ಹಣ ತೆತ್ತರು. ತಾವು ಬಂದಿರುವುದು ವಿದ್ಯಾರ್ಥಿಯಾಗಿ ಎಂಬ ಅರಿವು ಮೂಡಲು ಸುಮಾರು ಮೂರು ತಿಂಗಳು ಹಿಡಿಯಿತು. ಆ ಬಳಿಕ ಅವೆಲ್ಲವನ್ನೂ ತ್ಯಜಿಸಿದರು. ಆದರೆ ಹೊರಡುವ ಮುನ್ನ ಜೈನ ಮುನಿ ಬೇಚರ್‌ಜೀ ಸ್ವಾಮಿಗಳ ಸಮಕ್ಷಮದಲ್ಲಿ, ಮದ್ಯ, ಮಾಂಸ, ಸ್ತ್ರೀಸಂಗಗಳನ್ನು ವರ್ಜಿಸುವೆನೆಂದು ಕೈಗೊಂಡ ವ್ರತವನ್ನು ಮಾತ್ರ ಬಿಡಲಿಲ್ಲ. 1891ರಲ್ಲಿ ಬ್ಯಾರಿಸ್ಟರ್ ಆಗಲು ಎರವಲು ಧಾಟಿ ಬೇಕಾಗಲಿಲ್ಲ.

ನಮ್ಮ ಮಾತು ಅವರಿಗೆ ತಿಳಿಯಬೇಡವೇ ಎಂದು ಆಕ್ಷೇಪಿಸುವವರುಂಟು. ತಿಳಿಯಲೇಬೇಕು. ಸ್ಪಷ್ಟವಾಗಿ, ನಿಧಾನವಾಗಿ ನುಡಿಯುವುದು ಕೇಳುವವನಿಗೆ ಸಲ್ಲಿಸುವ ಮರ್ಯಾದೆ. ಹುಟ್ಟಿದ ಊರನ್ನು ಮರೆಮಾಚಲೆಂದು ನಾಲಗೆಯನ್ನು ತಿರುಚುವುದಾದರೋ ಮಾಯೆಯೆಂಬ ಕಷಾಯವೇ ಸರಿ. ಬ್ರಿಟನ್ನಿನಲ್ಲೇ ಸ್ಕಾಟ್ಲೆಂಡಿನವರ ಧಾಟಿ ಬೇರೆ, ಲಂಡನ್ನಿನವರ ಧಾಟಿ ಬೇರೆ. ಹೀಗಿರುವಾಗ ಕನ್ನಡದ ಮಕ್ಕಳು ಮಾತ್ರ ತಮ್ಮ ಧಾಟಿಗೆ ನಾಚಬೇಕೇಕೆ?

ಪರದೇಶದಿಂದ ವಿದ್ಯೆಯ ಲಾಭ ಧಾರಾಳವಾಗಿ ಬರಲಿ. ಅದಕ್ಕಾಗಿ ಮೂಲಧನವನ್ನೇ ಕರಗಿಸುವ ವ್ಯಾಪಾರವನ್ನು ಯಾವ ವಿವೇಕಿಯೂ ಮಾಡಲಾರ.